ಅಪ್‌ಡೇಟ್: ಕಾಕಾರ ಕಾಲಿಗೆ ಲೇಸರ್ ಆತು

ಬೆಟಗೇರಿಯ ನಮ್ಮ ಕಾಕಾರು ಮಿರ್ಚಿ ಭಜಿ ಒಲಿ ಮುಂದ ನಿಂತು ನಿಂತು ಕಾಲಿನ ನರ (ರಕ್ತನಾಳ) ಉಬ್ಬಿದ್ವು, ಪಾದದ ಗಂಟಿನ ಹತ್ರ ಆದ ಗಾಯ ಮಾಯವಲ್ದಾಗಿತ್ತು. ಕೊಯ್ದು ನರ ತೆಗೆಸೋಣೋ, ಇಲ್ಲಾ ಲೇಸರ್ ಕಾವಿಂದ ಕೆಟ್ಟ ನರ ಒಳಗೇ ಮುಚ್ಚಿಸಿದ್ರ ಸಾಕೋ ಅಂತ ಹಿಂದ ಇಲ್ಲಿ ಕೇಳಿದ್ದೆ. ಹುಬ್ಬಳ್ಳಿಯೊಳಗ ಲೇಸರ್ ಮಾಡಿಸಿದ್ವಿ.

ನಿರ್ಧಾರ ಆಗಿದ್ದು ನರದಾಗ ರಕ್ತ ಹೆಂಗ ಹರಿತದಂತ ತೋರಿಸೋ ಡಾಪ್ಲರ್ ಸ್ಕ್ಯಾನ್ ಮ್ಯಾಲೆ. ಕಾಕಾರನ್ನ ನಿಲ್ಲಿಸೇ ನೋಡಿದ್ರು. ಮೀನಖಂಡ ಒತ್ತಿ ಬಿಟ್ಟ ಕೂಡ್ಲೇ ರಕ್ತ ವಾಪಸ್ ಕೆಳಗ ಇಳಿಯೋದು ಪರದೆ ಮ್ಯಾಲೆ ನಮಗೂ ಕಂಡ್ತು. ರಕ್ತ ಹಂಗ ವಾಪಸ್ ಇಳಿಯದಂಗ ತಡಿಯೋ ತೊಡಿಯ ದೊಡ್ಡ ನರದ ಕವಾಟ ಕೆಟ್ಟಿದ್ವು. ಆಳದ ನರದಾಗ ಹೆಪ್ಪು ಇಲ್ಲಂತ ಖಾತ್ರಿ ಆದಮ್ಯಾಲೇ ಮುಂದಿನ ಮಾತು.

ಮೊಣಕಾಲ ಹತ್ರ ಸೂಜಿ ಚುಚ್ಚಿ ತೆಳ್ಳನ ಫೈಬರ್ ತೂರಿಸಿದ್ರು. ನರದ ಸುತ್ತ ಮರಗಟ್ಟೋ ಔಷಧ ಬೆರೆಸಿದ ಸಲೈನ್ ತುಂಬಿದ್ರು. ಅದು ನೋವಿಗಷ್ಟೇ ಅಲ್ಲ, ಲೇಸರ್ ಕಾವು ಅಕ್ಕಪಕ್ಕ ತಾಗದಂಗ ಕಾಯ್ತದ. ಕಾಕಾರಿಗೆ ಲೇಸರ್‌ಗಿಂತ ಈ ಚುಚ್ಚೋದೇ ಹೆಚ್ಚು ನೋವಾತಂತ! ಅವತ್ತೇ ನಡಕೊಂಡು ಬಂದ್ರು.

ಖರೇ ಕಷ್ಟ ಕಾಲು ಒತ್ತಿ ಹಿಡಿಯೋ ಬಿಗಿ ಸಾಕ್ಸಿಂದು. ಮುಂಜಾನೆ ಕಾಲು ಬಾಯೋದ್ರೊಳಗ ಹಾಕಬೇಕು. ಈ ಬಿಸಲಾಗ ದಿನಾ ಜಗಳ. ಗಾಯ ಪೂರ್ತಿ ಮಾಯ್ದಿಲ್ಲ, ಸೋರೋದು ನಿಂತೈತಿ. ಈಗ ಸ್ಟೂಲ್ ಮ್ಯಾಲೆ ಕುಂತು ಹಿಟ್ಟು ಕಲಸ್ತಾರ, ಭಜಿ ಕರಿಯೋದು ಮಾತ್ರ ಇನ್ನೂ ನಿಂತೇ.