‘ಹ್ಯಾಂಗ್ ಆಯ್ತು’ ಅಂದರೆ ನಿಖರವಾಗಿ ಏನಾಯ್ತು?

ಪ್ರಶ್ನೆ: ಪಿಸಿಗೆ ಬರೆದ ಗೇಮ್ ಎಂಜಿನ್ ಒಂದನ್ನು ಆಂಡ್ರಾಯ್ಡ್‌ಗೆ ಪೋರ್ಟ್ ಮಾಡುವಾಗ ಬಳಸಲು ಕನ್ನಡದಲ್ಲಿ ಬಗ್ ವರದಿಯ ನಮೂನೆ ಬೇಕಾಗಿದೆ. ಬೆಂಗಳೂರಿನ ಟೆಸ್ಟರ್‌ಗಳ ಬಾಯಲ್ಲಿ ‘ಹ್ಯಾಂಗ್ ಆಯ್ತು’, ‘ಸ್ಟ್ರಕ್ ಆಯ್ತು’, ‘ಆಚೆ ಬಂದ್ಬಿಡ್ತು’ ಮೂರೂ ಓಡಾಡುತ್ತವೆ. ಎಲ್ಲಕ್ಕೂ ‘ಸ್ಥಗಿತ’ ಎಂದರೆ ಸಾಕೆ?

ಉತ್ತರ: ಸಾಲದು. ‘ಸ್ಥಗಿತ’ ಎಂದು ಬರೆದರೆ ಟೆಸ್ಟರ್ ಕಣ್ಣಿಗೆ ಏನು ಬಿತ್ತು ಎಂಬುದೇ ಅಳಿಸಿಹೋಗುತ್ತದೆ. ಆಡುಮಾತಿನಲ್ಲಿರುವ ಭೇದವನ್ನು ದಯವಿಟ್ಟು ಉಳಿಸಿಕೊಳ್ಳಿ.

‘ಆಚೆ ಬಂತು’ ಎಂದರೆ ಆ್ಯಪ್ ಮುಚ್ಚಿ ಹೋಮ್ ಸ್ಕ್ರೀನ್ ಕಂಡಿತು. ಇದರಲ್ಲೇ ಎರಡು ಬಗೆ. ಲಾಗ್‌ಕ್ಯಾಟ್‌ನಲ್ಲಿ (ಆಂಡ್ರಾಯ್ಡ್‌ನ ಲಾಗ್ ದಾಖಲೆ) ‘ಫೇಟಲ್ ಸಿಗ್ನಲ್ 11’ (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಇದ್ದರೆ ಅದು ಕ್ರ್ಯಾಶ್. ಅಲ್ಲಿನ ಬ್ಯಾಕ್‌ಟ್ರೇಸನ್ನು (ಆ ಕ್ಷಣಕ್ಕೆ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ) ಎನ್‌ಡಿಕೆ-ಸ್ಟ್ಯಾಕ್ ಎಂಬ ಟೂಲ್‌ಗೆ ಕೊಟ್ಟರೆ ಕೋಡಿನ ಫೈಲೂ ಸಾಲೂ ಸಿಗುತ್ತವೆ. ಆದರೆ ಅದೇ ಬಿಲ್ಡ್‌ನ, ಸಿಂಬಲ್ (ಫಂಕ್ಷನ್ ಹೆಸರು, ಸಾಲುಗಳ ಮಾಹಿತಿ) ತೆಗೆಯದ ಎಸ್‌ಒ ಫೈಲೇ (ಕಂಪೈಲ್ ಆದ ಲೈಬ್ರರಿ) ಬೇಕು. ಆದ್ದರಿಂದ ನಮೂನೆಯಲ್ಲಿ ಬಿಲ್ಡ್ ಐಡಿಗೆ ಜಾಗವಿರಲಿ. ಬ್ಯಾಕ್‌ಟ್ರೇಸೇ ಇಲ್ಲದೆ ಆ್ಯಪ್ ಮಾಯವಾಗಿದ್ದರೆ ಮೆಮೊರಿ ಸಾಲದೆ ಸಿಸ್ಟಮ್ಮೇ ಕೊಂದಿರಬಹುದು, ಲೋ ಮೆಮೊರಿ ಕಿಲ್ಲರ್‌ನ ಸಾಲು ಹುಡುಕಿ. ಪೋರ್ಟ್‌ಗಳಲ್ಲಿ ಇದು ಮಾಮೂಲಿ. ಪಿಸಿಯ ಡಿಎಕ್ಸ್‌ಟಿ ಎಂಬ ಕಂಪ್ರೆಸ್ ಮಾಡಿದ ಟೆಕ್ಸ್ಚರ್‌ಗಳು (ಮೇಲ್ಮೈಗೆ ಹಚ್ಚುವ ಚಿತ್ರಗಳು) ಹೆಚ್ಚಿನ ಫೋನ್ ಜಿಪಿಯುಗಳಿಗೆ ಓದಲು ಬರುವುದಿಲ್ಲ. ಎಂಜಿನ್ ಅವನ್ನು ಬಿಚ್ಚಿ ಇಟ್ಟುಕೊಂಡರೆ 2048×2048ರ ಒಂದು ಟೆಕ್ಸ್ಚರ್‌ಗೆ, ಪಿಕ್ಸೆಲ್‌ಗೆ 4 ಬೈಟ್‌ನಂತೆ, 16 ಎಂಬಿ ಬೇಕು. ಫೋನ್‌ಗಳಲ್ಲಿ ಬಳಸುವ ಎಎಸ್‌ಟಿಸಿ 4×4 ಎಂಬ ಕಂಪ್ರೆಸ್ ರೂಪದಲ್ಲಿ ಅದೇ 4 ಎಂಬಿ.

‘ಸ್ಟ್ರಕ್’ ಎಂಬುದು ಇಂಗ್ಲಿಷಿನಲ್ಲಿ ಬೇರೆ ಪದವಾದರೂ (ಸರಿಯಾದದ್ದು ‘ಸ್ಟಕ್’) ಇಲ್ಲಿ ಬಳಕೆಯಲ್ಲಿ ಗಟ್ಟಿಯಾಗಿದೆ: ಚಿತ್ರ ನಿಂತಿದೆ, ಆ್ಯಪ್ ಮುಚ್ಚಿಲ್ಲ. ಬರಹಕ್ಕೆ ‘ಸಿಕ್ಕಿಕೊಂಡಿತು’ ಚೆನ್ನ. ಟಚ್‌ಗೆ 5 ಸೆಕೆಂಡ್ ಉತ್ತರ ಬರದಿದ್ದರೆ ಎಎನ್‌ಆರ್ (ಆ್ಯಪ್ ಉತ್ತರಿಸುತ್ತಿಲ್ಲ) ಎಂದು ದಾಖಲಾಗುತ್ತದೆ. ರೆಂಡರ್ ಥ್ರೆಡ್ (ಚಿತ್ರ ಬಿಡಿಸುವ ಕೆಲಸದ ಎಳೆ) ಮಾತ್ರ ಬೇರೆ ಥ್ರೆಡ್ ಹಿಡಿದಿರುವ ಲಾಕ್‌ಗೆ ಕಾಯುತ್ತಿದ್ದರೆ ಅದೂ ಬರದೇ ಇರಬಹುದು. ಹಾಗಾಗಿ ‘ಸಂಗೀತ ಕೇಳಿಸುತ್ತಿತ್ತೇ?’ ಎಂದು ಕೇಳಿ. ಆಡಿಯೊ ಸಾಮಾನ್ಯವಾಗಿ ಬೇರೆ ಥ್ರೆಡ್‌ನಲ್ಲಿ ಓಡುವುದರಿಂದ, ಸಂಗೀತ ಕೇಳಿಸುತ್ತಿದ್ದರೆ ಪ್ರೋಸೆಸ್ ಬದುಕಿದೆ, ಎಲ್‌ಎಲ್‌ಡಿಬಿ ಎಂಬ ಡಿಬಗರ್ ಹಚ್ಚಿ ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ತೆಗೆಯಬಹುದು.

ಬಿಡಬೇಕಾದ ಪದ ‘ಹ್ಯಾಂಗ್’. ಮೇಲಿನ ಎರಡಕ್ಕೂ, ಬರೀ ನಿಧಾನಕ್ಕೂ ಜನ ಅದನ್ನೇ ಹೇಳುತ್ತಾರೆ. ನಿಧಾನಕ್ಕೆ ‘ತಡವರಿಸುತ್ತಿದೆ’ ಎನ್ನಿ. 60 ಎಫ್‌ಪಿಎಸ್‌ಗೆ (ಸೆಕೆಂಡಿಗೆ 60 ಫ್ರೇಮ್) ಒಂದು ಫ್ರೇಮ್ 16.6 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಹೊಸ ಎಫೆಕ್ಟ್ ಮೊದಲ ಸಲ ಕಂಡಾಗಷ್ಟೇ ತಡವರಿಸಿದರೆ ಶೇಡರ್ (ಜಿಪಿಯುನಲ್ಲಿ ಓಡುವ ಚಿಕ್ಕ ಪ್ರೋಗ್ರಾಮ್) ಕಂಪೈಲ್ ಮೇಲೆ, ಆಡುತ್ತ ಆಡುತ್ತ ಹೆಚ್ಚಾದರೆ ಫೋನ್ ಬಿಸಿಯಾಗಿ ಪ್ರೊಸೆಸರ್ ವೇಗ ಇಳಿದಿರುವುದರ ಮೇಲೆ ಗುಮಾನಿ ಇಡಿ.

ನಾಲ್ಕನೆಯದನ್ನೂ ಸೇರಿಸಿ: ‘ಕಪ್ಪಾಯ್ತು’. ಕರೆ ಬಂದು ಹೋದ ಮೇಲೆ ಪರದೆ ಕಪ್ಪಾಗಿ ಸದ್ದು ಮಾತ್ರ ಉಳಿದಿದ್ದರೆ ಇಜಿಎಲ್ ಕಾಂಟೆಕ್ಸ್ಟ್ (ಜಿಪಿಯುನಲ್ಲಿ ಆ್ಯಪ್‌ನ ಚಿತ್ರ ಸಾಮಗ್ರಿ ಇರುವ ನೆಲೆ) ಕಳೆದಿರುವ ಸಂಭವ ಹೆಚ್ಚು. ಹಾಗಾಗಿದ್ದರೆ ಟೆಕ್ಸ್ಚರ್, ಶೇಡರ್, ಬಫರ್‌ಗಳನ್ನು ಮತ್ತೆ ಲೋಡ್ ಮಾಡಬೇಕು.