ಚಳಿಗಾಲದಲ್ಲಿ ಸೈಕಲ್: ಮನೆಯೊಳಗೆ ಟ್ರೈನರ್ ಮೇಲಾ, ಹೊರಗೆ ರಸ್ತೆ ಮೇಲಾ?

ಪ್ರಶ್ನೆ: ಮೈಸೂರಿನಿಂದ ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಐದು ತಿಂಗಳಾಯಿತು. ಅಲ್ಲಿ ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ. ಇಲ್ಲಿ ಸ್ನೋ ಬಿದ್ದ ದಿನದಿಂದ ಸೈಕಲ್ ಮೂಲೆ ಸೇರಿದೆ. ಟ್ರೈನರ್ (ಮನೆಯೊಳಗೇ ಸೈಕಲ್ ನಿಲ್ಲಿಸಿಕೊಂಡು ತುಳಿಯುವ ಸ್ಟ್ಯಾಂಡ್) ಕೊಳ್ಳಲಾ, ಇಲ್ಲಾ ಚಳಿಗಾಲದ ಟೈರು, ಬಟ್ಟೆ ಕೊಂಡು ಹೊರಗೇ ಹೋಗಲಾ? ಎರಡಕ್ಕೂ ಈಗ ದುಡ್ಡಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ನಾನೂ ಇದೇ ಊರಿನಲ್ಲಿದ್ದೇನೆ, ಇದು ನಾಲ್ಕನೇ ಚಳಿಗಾಲ. ಒಂದನ್ನೇ ಕೊಳ್ಳುವುದಾದರೆ ಐಸ್ ಮೇಲೆ ಹಿಡಿತ ಕೊಡುವ ಸಣ್ಣ ಮೊಳೆ ಇರುವ ಟೈರ್ ಕೊಳ್ಳಿ. ಚಳಿಗೆ ಹೆದರಬೇಡಿ, ಐಸ್‌ಗೆ ಹೆದರಿ. ಮೈನಸ್ 15ರಲ್ಲಿ ಒಣ ಸ್ನೋ ಮೇಲೆ ಟೈರಿಗೆ ಹಿಡಿತ ಸಿಗುತ್ತದೆ. ಮೋಸ ಮಾಡುವುದು ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದು ಕರಗಿ, ಸಂಜೆ ಮತ್ತೆ ಹೆಪ್ಪುಗಟ್ಟುವ ದಿನ. ನಾನು ಮೊದಲ ವರ್ಷ ಬಿದ್ದದ್ದು ಅಂಥ ದಿನವೇ, ಮಾಮೂಲಿ ಟೈರ್ ಹಾಕಿಕೊಂಡು, ತಿರುವಿನಲ್ಲಿ ರಸ್ತೆ ಒದ್ದೆಯಾಗಿದೆ ಅಂದುಕೊಂಡಿದ್ದು ಬ್ಲ್ಯಾಕ್ ಐಸ್ (ಕಣ್ಣಿಗೆ ಸುಲಭವಾಗಿ ಕಾಣದ ತೆಳು ಮಂಜುಗಡ್ಡೆ) ಆಗಿತ್ತು, ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಆಗಲೇ ಗೆಳೆಯರೊಬ್ಬರ ಟ್ರೈನರ್ ತಂದುಕೊಂಡೆ. ಹಾಗಾಗಿ ಎರಡೂ ಗೊತ್ತು.

ಟ್ರೈನರ್‌ನಲ್ಲಿ ಕಾಲಿಗೆ ಬಿಡುವೇ ಇಲ್ಲ. ಇಳಿಜಾರಿಲ್ಲ, ಸಿಗ್ನಲ್ ಇಲ್ಲ, ಒಂದು ಗಂಟೆ ಅಂದರೆ ಪೂರ್ತಿ ಒಂದು ಗಂಟೆ ತುಳಿತ. ಬೆಟ್ಟ ಹತ್ತುವ ಶಕ್ತಿ ಉಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಜೋರಾದ ಫ್ಯಾನ್ ಬೇಕೇ ಬೇಕು. ಪೆಡಲ್‌ಗೆ 150 ವಾಟ್ ಹೋಗುವಾಗ ಅದರ ಮೂರು ನಾಲ್ಕು ಪಟ್ಟು ಶಾಖ ಮೈಯಿಂದ ಹೊರಬೀಳುತ್ತದೆ, ಅದನ್ನು ಒಯ್ಯಲು ಮನೆಯೊಳಗೆ ಗಾಳಿ ಇರುವುದಿಲ್ಲ. ಸೀಟಿನ ಮೇಲೆ ಅಲುಗಾಡದೆ ಕೂರುವುದರಿಂದ ಜೋಮು ಹಿಡಿಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ತುಳಿಯಿರಿ.

ಹಾಗಿದ್ದರೂ ಹೊರಗೆ ಹೋಗಿ ಅನ್ನುವುದಕ್ಕೆ ಕಾರಣ ಬೇರೆ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗಿ ಕತ್ತಲಾಗುತ್ತದೆ. ಮೈಸೂರಿನ ಬಿಸಿಲಲ್ಲಿ ಬೆಳೆದವರಿಗೆ ಆ ಕತ್ತಲೆ ಮನಸ್ಸಿನ ಮೇಲೆ ಕೂರುತ್ತದೆ, ನನಗೆ ಕೂತಿತ್ತು. ವಾರಕ್ಕೊಮ್ಮೆ ಹಗಲಲ್ಲಿ ಒಂದು ಗಂಟೆ ಹೊರಗೆ ತುಳಿದರೆ ಸಿಗುವ ಸಮಾಧಾನ ನನಗೆ ಟ್ರೈನರ್ ಮೇಲೆ ಯಾವತ್ತೂ ಸಿಕ್ಕಿಲ್ಲ. ನಮಗೆ ಮಿಡ್‌ಟೌನ್ ಗ್ರೀನ್‌ವೇ ಇದೆಯಲ್ಲ, ಹಳೇ ರೈಲು ಹಳಿಯ ಜಾಗದಲ್ಲಿ ಮಾಡಿದ ಸೈಕಲ್ ದಾರಿ, ಕೆರೆಗಳ ಕಡೆಯಿಂದ ಮಿಸಿಸಿಪ್ಪಿ ನದಿಯ ಹತ್ತಿರದವರೆಗೆ ಸುಮಾರು 9 ಕಿಲೋಮೀಟರ್. ಸ್ನೋ ತೆಗೆಯುತ್ತಾರೆ, ಕಾರು ಬರುವುದಿಲ್ಲ. ಅಲ್ಲಿಂದಲೇ ಶುರು ಮಾಡಿ.

ಉತ್ತರ 2: ಟೊರಾಂಟೊದಿಂದ ಬರೆಯುತ್ತಿದ್ದೇನೆ, ನನ್ನ ಲೆಕ್ಕ ಉಲ್ಟಾ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಹೊರಗೆ ಹೋಗಬೇಕು ಅಂದರೆ ಬಟ್ಟೆ ಹಾಕಿಕೊಳ್ಳಲು ಇಪ್ಪತ್ತು ನಿಮಿಷ, ಬಂದ ಮೇಲೆ ಚೈನ್ ಒರೆಸಲು ಹತ್ತು ನಿಮಿಷ. ಒರೆಸದಿದ್ದರೆ ರಸ್ತೆಗೆ ಹಾಕುವ ಉಪ್ಪು ಚೈನನ್ನು ತಿಂದುಬಿಡುತ್ತದೆ. ಟ್ರೈನರ್ ಆದರೆ ಬೆಳಿಗ್ಗೆ ಐದಕ್ಕೆ ಎದ್ದು, ಮಕ್ಕಳು ಏಳುವಷ್ಟರಲ್ಲಿ ಮುಕ್ಕಾಲು ಗಂಟೆ ಮುಗಿದಿರುತ್ತದೆ. ಅದಿಲ್ಲದಿದ್ದರೆ ನಾನು ಸೈಕಲ್ಲೇ ಬಿಟ್ಟಿರುತ್ತಿದ್ದೆ. ಅಪಾರ್ಟ್‌ಮೆಂಟ್ ಆದರೆ ಒಂದು ಮಾತು: ಕೆಳಗಿನ ಮನೆಯವರಿಗೆ ತೊಂದರೆ ಆಗುವುದು ಮೆಷಿನ್ ಸದ್ದಿಗಿಂತ ಹೆಚ್ಚಾಗಿ ನೆಲದ ನಡುಕದಿಂದ. ದಪ್ಪ ರಬ್ಬರ್ ಮ್ಯಾಟ್ ಹಾಕಿ, ಮೊದಲೇ ಹೋಗಿ ಮಾತಾಡಿ ಬನ್ನಿ. ನಾನು ಮಾತಾಡದೆ ಶುರು ಮಾಡಿ ದೂರು ಬಂದ ಮೇಲೆ ಕ್ಷಮೆ ಕೇಳಬೇಕಾಯಿತು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ನನಗೆ ಮಕ್ಕಳಿಲ್ಲ, ಶನಿವಾರ ಭಾನುವಾರ ಬಿಡುವಿದೆ. ಹಾಗಾದರೆ ಈ ವರ್ಷ ಟೈರ್, ಮುಂದಿನ ವರ್ಷ ಟ್ರೈನರ್. ಗ್ಲೌಸ್ ಎಂಥದ್ದು ಬೇಕು?

ಉತ್ತರ 1: ಬೆರಳು ಬೇರೆ ಬೇರೆ ಇರುವುದು ಬೇಡ, ಎರಡೆರಡು ಬೆರಳು ಒಟ್ಟಿಗೆ ಕೂರುವಂಥದ್ದು ತಗೊಳ್ಳಿ, ಬೆಚ್ಚಗಿರುತ್ತದೆ, ಬ್ರೇಕೂ ಹಿಡಿಯಬಹುದು. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಬಟ್ಟೆ ಹಾಕಿ, ಜಾಸ್ತಿ ಹಾಕಿದರೆ ಬೆವತು ಆಮೇಲೆ ನಡುಗುತ್ತೀರಿ. ನೀರಿನ ಬಾಟಲಿ ಜಾಕೆಟ್ ಒಳಗಿರಲಿ. ಟೈರ್ ಬಂದ ಮೇಲೆ ಹೇಳಿ, ಶನಿವಾರ ಹನ್ನೊಂದಕ್ಕೆ ಕೆರೆ ಕಡೆಯ ತುದಿಯಲ್ಲಿ ಕಾಯುತ್ತೇನೆ, ಮೊದಲ ಸಲ ಜೊತೆಯಲ್ಲೇ ಹೋಗೋಣ.