ಸಮುದ್ರ ರೇಸಿನ ಪುಟ್ಟ ಹಾಯಿದೋಣಿ: ಹುಡುಗರಿಗೆ ಯಾವ ಕೆಲಸ ಒಪ್ಪಿಸಲಿ?

ಮಂಡ್ಯ ಮೇಷ್ಟ್ರು:
ನಮಸ್ಕಾರ. ಮಂಡ್ಯದಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಫೈನಲ್ ಇಯರ್‌ನ ಐದು ಜನ ಪ್ರಾಜೆಕ್ಟಿಗೆ ಹಾಯಿದೋಣಿ ವಿನ್ಯಾಸ ಮಾಡ್ತೀವಿ ಅಂತ ಹಟ ಹಿಡಿದಿದ್ದಾರೆ. ಕೆರೆಯಲ್ಲಿ ಓಡುವುದಲ್ಲ. ಒಬ್ಬರೇ ಕೂತು ಅಟ್ಲಾಂಟಿಕ್ ದಾಟುವ ಮಿನಿ 6.50 ಕ್ಲಾಸಿನದು. 2023ರಲ್ಲಿ ನಮ್ಮ ಅಭಿಲಾಷ್ ಟಾಮಿ, ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಹಾಯಿದೋಣಿ ರೇಸಿನಲ್ಲಿ ಎರಡನೆಯವರಾಗಿ ಬಂದರಲ್ಲ, ಅವತ್ತಿನಿಂದ ಒಬ್ಬಳಿಗೆ ಈ ಹುಚ್ಚು. ಅವಳಿಂದ ಮಿಕ್ಕವರಿಗೆ ಅಂಟಿದೆ.

ನಿಯಮ ನೋಡಿದೆ. ಉದ್ದ 6.5 ಮೀಟರ್, ಅಗಲ 3 ಮೀಟರ್, ನೀರಿನೊಳಗೆ ಆಳ 2 ಮೀಟರ್ ಮೀರುವಂತಿಲ್ಲ. ಈ ದೋಣಿಗಳ ಅಟ್ಲಾಂಟಿಕ್ ರೇಸಿನ ಹೆಸರು ಮಿನಿ ಟ್ರಾನ್ಸಾಟ್, 1977ರಿಂದ ನಡೆಯುತ್ತಿದೆ. ಪ್ರೊಟೊಟೈಪ್ ಅನ್ನುವ ವಿಭಾಗದಲ್ಲಿ ಹೊಸ ಪ್ರಯೋಗಕ್ಕೆ ಜಾಗ ಜಾಸ್ತಿ.

ನನ್ನ ಚಿಂತೆ ಬೇರೆ. ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತಂದು ಬೈಂಡ್ ಮಾಡಿಸಿ ಕೊಡುವುದನ್ನು ನೋಡಿ ಸಾಕಾಗಿದೆ. ಇದೂ ಕಂಪ್ಯೂಟರಲ್ಲಿ ಚೆಂದದ ಚಿತ್ರ ಬಿಡಿಸಿ ಮುಗಿಯಬಾರದು. ಪೂರ್ತಿ ದೋಣಿ ಕಟ್ಟಲು ದುಡ್ಡಿಲ್ಲ. ಹುಡುಗರೇ ಅಳೆದು, ಹುಡುಗರೇ ತೀರ್ಮಾನ ತೆಗೆದುಕೊಳ್ಳುವಂಥ ಕೆಲಸ ಯಾವುದು?

ಫೈಬರ್ ಕೆಲಸದವ, ಮೈಸೂರು:
ಮೇಷ್ಟ್ರೇ, ಮೊದಲು ತೂಕದ ಪಟ್ಟಿ ಬರೆಸಿ. ಚಿತ್ರ ಆಮೇಲೆ. ಹಾಯಿಕಂಬ, ಹಗ್ಗ, ಬ್ಯಾಟರಿ, ಕುಡಿಯುವ ನೀರು, ಕೂರುವ ಮನುಷ್ಯ, ಒಂದೂ ಬಿಡಬಾರದು. ಪ್ರತಿಯೊಂದೂ ಎಷ್ಟು ಎತ್ತರದಲ್ಲಿ ಕೂರುತ್ತೆ ಅನ್ನೋದೂ ಪಟ್ಟಿಯಲ್ಲಿರಲಿ. ಇದು ಬೋರಾಗುವ ಕೆಲಸ, ನಿಜ. ಆದರೆ ದೋಣಿ ಗೆಲ್ಲೋದು ಸೋಲೋದು ಅರ್ಧ ಇಲ್ಲೇ ಗೊತ್ತಾಗುತ್ತೆ.

ಆಮೇಲೆ ನನ್ನ ಶೆಡ್ಡಿಗೆ ಕಳಿಸಿ. ಒಂದೊಂದು ಅಡಿ ಚೌಕದ ಹಲಗೆ ಮಾಡಿಸುತ್ತೇನೆ. ಒಂದಕ್ಕೆ ಚಾಪ್ಡ್ ಮ್ಯಾಟ್ (ತುಂಡು ಗಾಜಿನೆಳೆಗಳ ಹಾಸು) ಹಾಸಿ ಬ್ರಷ್ಷಲ್ಲಿ ರೆಸಿನ್, ಅಂದರೆ ಒಣಗಿ ಗಟ್ಟಿಯಾಗುವ ಅಂಟು, ಹಚ್ಚಲಿ. ಒಂದು ಕೆಜಿ ಮ್ಯಾಟ್ ಎರಡು ಕೆಜಿಗಿಂತ ಜಾಸ್ತಿ ರೆಸಿನ್ ಕುಡಿಯುತ್ತೆ. ಇನ್ನೊಂದಕ್ಕೆ ನೇಯ್ದ ಗ್ಲಾಸ್ ಬಟ್ಟೆ, ನಡುವೆ ಫೋಮ್, ಮೇಲೆ ವ್ಯಾಕ್ಯೂಮ್ ಬ್ಯಾಗ್. ಪಂಪ್ ಹಾಕಿದ ತಕ್ಷಣ ಪ್ಲಾಸ್ಟಿಕ್ಕು ಮೈಗಂಟಿಕೊಂಡು, ಜಾಸ್ತಿಯಾದ ರೆಸಿನ್ ಬೆವರಿನ ಥರ ಹೊರಗೆ ಬರೋದನ್ನು ಕಣ್ಣಾರೆ ನೋಡಲಿ. ಒಣಗಿದ ಮೇಲೆ ಎರಡನ್ನೂ ತೂಗಿ, ಇಟ್ಟಿಗೆಗಳ ಮೇಲಿಟ್ಟು, ನಡುವೆ ಭಾರ ಹೇರಿ ಎಷ್ಟು ಬಗ್ಗುತ್ತೆ ಅಂತ ಅಳೆಯಲಿ. ಯಾವುದನ್ನು ಬಳಸಬೇಕು ಅಂತ ನೀವು ಹೇಳಬೇಡಿ, ನಾನೂ ಹೇಳಲ್ಲ.

ನೌಕಾಪಡೆ ನಿವೃತ್ತ, ಮೈಸೂರು:
ಫೈಬರ್ ಅವರು ಹೇಳಿದ್ದು ಸರಿ. ಆ ಎತ್ತರದ ಲೆಕ್ಕ ಇಲ್ಲಿ ಬೇಕೇ ಬೇಕು. ಈ ಕ್ಲಾಸಿನಲ್ಲಿ ದೋಣಿಯನ್ನು ಪೂರ್ತಿ ಅಡ್ಡ ಮಲಗಿಸಿ, ಕಂಬದ ತುದಿಗೆ 45 ಕೆಜಿ ತೂಗುಹಾಕಿದರೂ ಅದು ಎದ್ದು ನಿಲ್ಲಬೇಕು. ನೀರು ತುಂಬಿದರೂ ಮುಳುಗಬಾರದು, ಅದಕ್ಕೇ ಒಳಗೆಲ್ಲ ಫೋಮ್. ದೋಣಿಯ ತಳದಿಂದ ನೀರಿಗೆ ಇಳಿಯುವ ರೆಕ್ಕೆಯಂಥ ಕೀಲ್ (keel) ಇದೆಯಲ್ಲ, ಅದರ ತುದಿಗೆ ಎಷ್ಟು ಸೀಸ ಹಾಕಬೇಕು ಅನ್ನುವ ಜಗಳವನ್ನು ಇಬ್ಬರಿಗೆ ಬಿಟ್ಟುಬಿಡಿ.

ಇನ್ನಿಬ್ಬರಿಗೆ ಮೂತಿಯ, ಅಂದರೆ ದೋಣಿಯ ಮುಂತುದಿಯ ಪ್ರಶ್ನೆ ಕೊಡಿ. 2011ರಲ್ಲಿ ಡೇವಿಡ್ ರೇಸನ್ ತಾವೇ ವಿನ್ಯಾಸ ಮಾಡಿದ, ಮೂತಿ ದುಂಡಗಿದ್ದ ಮ್ಯಾಗ್ನಮ್ ದೋಣಿಯಲ್ಲಿ ಪ್ರೊಟೊಟೈಪ್ ವಿಭಾಗ ಗೆದ್ದರು. ಆಮೇಲೆ ದುಂಡು ಮೂತಿಯೇ ಹೆಚ್ಚಾಯಿತು. ನಿಮ್ಮ ಹುಡುಗರು ಹತ್ತನೇ ಒಂದು ಅಳತೆಯಲ್ಲಿ ಎರಡು ಮಾಡೆಲ್ ಮಾಡಲಿ, ಒಂದು ಚೂಪು, ಒಂದು ದುಂಡು. ಉದ್ದ 65 ಸೆಂಟಿಮೀಟರ್. ತೂಕ ಸಾವಿರದಲ್ಲೊಂದು ಪಾಲಾಗುತ್ತೆ, ಅಂದರೆ 900 ಕೆಜಿ ದೋಣಿಗೆ 900 ಗ್ರಾಂ. ವೇಗ ಹತ್ತರ ವರ್ಗಮೂಲದಷ್ಟು ಇಳಿಯುತ್ತೆ. 6 ನಾಟ್ (ಗಂಟೆಗೆ ಸುಮಾರು 11 ಕಿ.ಮೀ.) ಓಟ ಇಲ್ಲಿ ಸೆಕೆಂಡಿಗೆ ಸುಮಾರು 1 ಮೀಟರ್, ನಿಧಾನವಾಗಿ ನಡೆದಷ್ಟು.

ಯಂತ್ರ ಏನೂ ಬೇಡ. ಒಂದು ಕೋಲಿನ ಎರಡು ತುದಿಗೆ ಮಾಡೆಲ್ ಕಟ್ಟಿ, ಸರಿಯಾಗಿ ನಡುವೆ ದಾರ ಹಾಕಿ ಎಳೆಯಿರಿ. ಹಿಂದೆ ಬಿದ್ದದ್ದಕ್ಕೆ ನೀರಿನ ತಡೆ ಜಾಸ್ತಿ. ಒಂದು ಮಾತು: ಬರೀ ನೆಟ್ಟಗೆ ಎಳೆದರೆ ದುಂಡು ಮೂತಿ ಸೋಲಬಹುದು. ಅದರ ಲಾಭ ಗಾಳಿಗೆ ವಾಲಿದಾಗ. ಒಳಗಿನ ಭಾರ ಪಕ್ಕಕ್ಕೆ ಸರಿಸಿ, 20 ಡಿಗ್ರಿ ವಾಲಿಸಿ ಇನ್ನೊಮ್ಮೆ ಎಳೆಯಿರಿ. ವಿ.ಸಿ. ನಾಲೆಗೆ ನೀರು ಬಿಟ್ಟಾಗ ಮಾಡಿದರೆ ಎಳೆಯೋದೂ ಬೇಡ, ಹಿಡಿದು ನಿಂತರೆ ಸಾಕು.

ಥರ್ಡ್ ಇಯರ್ ಹುಡುಗಿ, ಶ್ರೀರಂಗಪಟ್ಟಣ:
ಸರ್, ನಾಲೆ ಬೇಡ. ಅಲ್ಲಿ ಕಾಲು ಜಾರಿದರೆ ಹಿಡಿಯೋಕೆ ಏನೂ ಸಿಗಲ್ಲ, ಪ್ರತಿ ವರ್ಷ ಕೇಳ್ತಾನೇ ಇರ್ತೀವಿ. ನೀರೂ ಒಂದೇ ಸಮ ಹರಿಯಲ್ಲ, ಅಳತೆ ತಪ್ಪುತ್ತೆ. ಈಜುಕೊಳ ಕೇಳಿ. ದಡದಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಅದರ ಮೇಲಿನ ರಾಟೆಗೆ ದಾರ ಹಾಕಿ, ತುದಿಗೆ ಸಣ್ಣ ತೂಕ ಕಟ್ಟಿ ಬಿಟ್ಟರೆ ಅದೇ ಎಳೆಯುತ್ತೆ. ಮೊಬೈಲಲ್ಲಿ ವಿಡಿಯೋ ಮಾಡಿದರೆ ವೇಗ ಸಿಗುತ್ತೆ. ತರಕಾರಿ ತಕ್ಕಡಿ ನಂಬಬೇಡಿ, ಈ ಅಳತೆಯಲ್ಲಿ ತಡೆ ಬರೀ ಗ್ರಾಂ ಲೆಕ್ಕದಲ್ಲಿ ಇರುತ್ತೆ. ದೋಣಿಯ ಮೈ ಬಿಡಿಸೋಕೆ ಫ್ರೀಶಿಪ್ ಸಾಫ್ಟ್‌ವೇರ್ ಸಾಕು, ಕಾಸು ಕೊಡಬೇಕಿಲ್ಲ.

ಮಂಡ್ಯ ಮೇಷ್ಟ್ರು:
ನಾಲೆ ಖಂಡಿತ ಇಲ್ಲ, ಪ್ರಿನ್ಸಿಪಾಲರಿಗೆ ಗೊತ್ತಾದರೆ ನಾನೇ ನಾಲೆಗೆ! ಈಜುಕೊಳಕ್ಕೆ ಅರ್ಜಿ ಬರೆಯುತ್ತೇನೆ. ಸೀಸಕ್ಕೆ ಇಬ್ಬರು, ಮೂತಿಗೆ ಇಬ್ಬರು. ತೂಕದ ಪಟ್ಟಿ ಆ ಹುಚ್ಚಿನ ಹುಡುಗಿಗೆ, ಅವಳನ್ನು ಕೇಳದೆ ಯಾರೂ ಒಂದು ಬೋಲ್ಟ್ ಸೇರಿಸುವಂತಿಲ್ಲ. ವಾದ ಬಂದರೆ ಅಳತೆ ಇಟ್ಟು ವಾದ ಮಾಡಲಿ, ಅದಕ್ಕೇ ಮಾರ್ಕ್ಸ್. ಮೂತಿ ಸೋತರೂ ಮಾರ್ಕ್ಸ್ ಕಮ್ಮಿ ಮಾಡಲ್ಲ. ಫೈಬರ್ ಅವರೇ, ಶನಿವಾರ ಐದೂ ಜನ ಬರಬಹುದಾ?

ಫೈಬರ್ ಕೆಲಸದವ, ಮೈಸೂರು:
ಬರಲಿ, ಬೆಳಿಗ್ಗೆಯೇ ಬರಲಿ. ಬಿಸಿಲೇರಿದರೆ ರೆಸಿನ್ ಬಕೆಟ್ಟಲ್ಲೇ ಗಟ್ಟಿಯಾಗುತ್ತೆ. ಹಳೇ ಬಟ್ಟೆ, ಕೈಗವಸು, ಮಾಸ್ಕ್ ತರಲಿ. ಗ್ಲಾಸಿನ ಧೂಳು ಮೈಗೆ ಹತ್ತಿದರೆ ಎರಡು ದಿನ ಕೆರೆತ. ತಿಂಡಿ ನಂದು.